ಸೂಜಿಗೆ ಹೆದರುವವರು ಬೇರಿಗೂ ಹೆದರಬೇಕು

ಪ್ರಶ್ನೆ: ನನಗೆ 46 ವರ್ಷ. ಮೂರು ವರ್ಷಗಳಿಂದ ಸೊಂಟನೋವಿದೆ. ಎಂಆರ್‌ಐ ನೋಡಿದ ವೈದ್ಯರು ಶಸ್ತ್ರಚಿಕಿತ್ಸೆ ಬೇಕಾಗುವಂಥದ್ದು ಏನೂ ಇಲ್ಲ ಎಂದಿದ್ದಾರೆ. ಪರಿಚಿತರೊಬ್ಬರು ಅಕ್ಯುಪಂಕ್ಚರ್ ಎಂಬ ಚೀನೀ ಸೂಜಿ ಚಿಕಿತ್ಸೆಯಿಂದ ಗುಣವಾಯಿತು ಎನ್ನುತ್ತಾರೆ, ಇನ್ನೊಬ್ಬರು ಅದೆಲ್ಲ ಮನಸ್ಸಿನ ಭ್ರಮೆ ಎನ್ನುತ್ತಾರೆ. ಯಾರನ್ನು ನಂಬಲಿ? ಸೂಜಿಯೆಂದರೆ ನನಗೆ ಭಯ ಬೇರೆ.

ಉತ್ತರ: ಮೊದಲು ಭಯದ ಮಾತು. ಇಂಜೆಕ್ಷನ್ ಸೂಜಿಯ ಮೂಲಕ ಔಷಧ ಹರಿಯಬೇಕಾದ್ದರಿಂದ ಅದು ಟೊಳ್ಳಾಗಿಯೂ ದಪ್ಪವಾಗಿಯೂ ಇರುತ್ತದೆ. ಅಕ್ಯುಪಂಕ್ಚರ್ ಸೂಜಿ ಟೊಳ್ಳಲ್ಲ. ಅದು ಸುಮಾರು ಕಾಲು ಮಿಲಿಮೀಟರ್ ದಪ್ಪದ, ಬಾಗಿಸಿದರೆ ಬಾಗುವ ತಂತಿ. ಸಣ್ಣ ಪ್ಲಾಸ್ಟಿಕ್ ಕೊಳವೆಯೊಂದನ್ನು ಚರ್ಮಕ್ಕೆ ಒತ್ತಿ ಹಿಡಿದು, ಅದರ ಬಾಯಿಂದ ತುಸುವೇ ಹೊರಗೆ ಕಾಣುವ ಸೂಜಿಯ ಹಿಡಿಯನ್ನು ಬೆರಳಿನಿಂದ ತಟ್ಟುತ್ತಾರೆ. ಅನೇಕರಿಗೆ ಚುಚ್ಚಿದ್ದೇ ತಿಳಿಯುವುದಿಲ್ಲ. ಬಳಿಕ ಸೂಜಿಯನ್ನು ಮೆಲ್ಲಗೆ ಹೊರಳಿಸಿದಾಗ ಆ ಜಾಗ ಭಾರವಾದಂತೆ, ಜೋಮು ಹಿಡಿದಂತೆ ಅನ್ನಿಸುತ್ತದೆ. ಚೀನೀ ವೈದ್ಯರು ಇದನ್ನು ‘ದೆ ಚಿ’ ಎಂದು ಕರೆದು, ಸೂಜಿ ಸರಿಯಾದ ಜಾಗ ಮುಟ್ಟಿದ್ದರ ಗುರುತೆಂದು ಭಾವಿಸುತ್ತಾರೆ. ಆದರೆ ಶಾಕ್ ಹೊಡೆದಂತೆ ನೋವು ಹರಿದರೆ ಸುಮ್ಮನೆ ಸಹಿಸಿಕೊಳ್ಳದೆ ಕೂಡಲೇ ಹೇಳಬೇಕು.

ಇನ್ನು ಯಾರ ಮಾತು ನಿಜ ಎಂಬುದು. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿದ್ದ 1,162 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ. ಒಂದು ಗುಂಪಿಗೆ ಚೀನೀ ವೈದ್ಯಶಾಸ್ತ್ರ ಹೇಳುವ ಬಿಂದುಗಳಲ್ಲಿ ಸೂಜಿ ಚುಚ್ಚಿದರು. ಎರಡನೆಯದಕ್ಕೆ ಆ ಬಿಂದುಗಳಲ್ಲದ ಕಡೆ, ಆಳಕ್ಕಿಳಿಸದೆ ಚುಚ್ಚಿದರು. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮಗಳ ರೂಢಿಯ ಚಿಕಿತ್ಸೆ ಕೊಟ್ಟರು. ಆರು ತಿಂಗಳ ಬಳಿಕ ಉಪಶಮನ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಅಂದರೆ ಸೂಜಿ ಹಾಕಿಸಿಕೊಂಡವರಿಗೆ ಅನುಕೂಲವಾದದ್ದು ನಿಜ, ಆದರೆ ಸೂಜಿ ಎಲ್ಲಿಗೆ ಹೋಯಿತು ಎಂಬುದರಿಂದ ದೊಡ್ಡ ವ್ಯತ್ಯಾಸವಾಗಲಿಲ್ಲ. ಚುಚ್ಚಿದ್ದಕ್ಕೆ ನರಗಳು ತೋರುವ ಪ್ರತಿಕ್ರಿಯೆ, ಅರ್ಧ ಗಂಟೆಯ ವಿಶ್ರಾಂತಿ, ಗಮನ ಕೊಟ್ಟು ನೋಡಿಕೊಳ್ಳುವ ವೈದ್ಯರು, ಗುಣವಾಗುತ್ತದೆಂಬ ನಿರೀಕ್ಷೆ, ಇವೆಲ್ಲ ಸೇರಿ ನೋವನ್ನು ತಗ್ಗಿಸುತ್ತವೆ ಎಂದು ನಾನು ತಿಳಿಯುತ್ತೇನೆ. ತಗ್ಗಿದ ನೋವು ತಗ್ಗಿದ ನೋವೇ, ಅದನ್ನು ಭ್ರಮೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಆ ಅಧ್ಯಯನದಲ್ಲಿ ಅರ್ಧರ್ಧ ಗಂಟೆಯ ಹತ್ತು ಬಾರಿಯ ಚಿಕಿತ್ಸೆಯಿತ್ತು. ಅಷ್ಟಾದರೂ ನಿಮಗೆ ಏನೂ ಅನ್ನಿಸದಿದ್ದರೆ ಮುಂದುವರಿಸುವ ಅಗತ್ಯವಿಲ್ಲ.

ಸೀಲು ಮಾಡಿದ, ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಇದನ್ನು ಕೇಳಲು ಸಂಕೋಚಪಡಬೇಡಿ, ಏಕೆಂದರೆ ಶುದ್ಧವಲ್ಲದ ಸೂಜಿಗಳಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ. ಹೆಗಲು, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಸೂಜಿ ತುಂಬ ಆಳಕ್ಕೆ ಹೋದರೆ ಶ್ವಾಸಕೋಶಕ್ಕೆ ತೂತಾಗಬಹುದು. ಇದು ಅಪರೂಪ, ಆದರೂ ಚಿಕಿತ್ಸೆಯ ನಂತರ, ಕೆಲವು ಗಂಟೆ ಕಳೆದೇ ಆಗಲಿ, ಉಸಿರು ಕಟ್ಟಿದರೆ ನೇರವಾಗಿ ತುರ್ತು ಚಿಕಿತ್ಸೆಗೆ ಹೋಗಬೇಕು. ಪೇಸ್‌ಮೇಕರ್ ಇದ್ದವರು ಸೂಜಿಗೆ ವಿದ್ಯುತ್ ಕೊಡುವ ವಿಧಾನಕ್ಕೆ ಒಪ್ಪಬಾರದು, ಗರ್ಭಿಣಿಯರು ಮೊದಲೇ ತಿಳಿಸಬೇಕು. ಸೊಂಟನೋವಿನ ಜೊತೆಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಬಲ ಕುಂದುವುದು, ಮೂತ್ರದ ಹಿಡಿತ ತಪ್ಪುವುದು ಕಂಡರೆ ಅದು ಸೂಜಿಯ ಕೆಲಸವಲ್ಲ. ತಡಮಾಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುತ್ತಾರೆ. ಮಂಡಿನೋವಿಗೆಂದು ಚೀನೀ ಮೂಲಿಕೆಗಳ ಪೊಟ್ಟಣವನ್ನೂ ಕೆಲವು ಗುಳಿಗೆಗಳನ್ನೂ ಕೊಟ್ಟವರೊಬ್ಬರು “ಇದು ಬರೀ ಬೇರು, ಅಡ್ಡಪರಿಣಾಮ ಇಲ್ಲ” ಎಂದಿದ್ದಾರೆ. ಹೃದಯದ ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆಂದು ಅಮ್ಮ ಮುಚ್ಚಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಇಂದೇ ಆ ಕಷಾಯವನ್ನೂ ಗುಳಿಗೆಗಳನ್ನೂ ನಿಲ್ಲಿಸಿ. ವಾರ್ಫರಿನ್ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಪೊಟ್ಟಣವನ್ನು ಹೊರಗಿನ ಚೀಟಿಯ ಸಮೇತ ಹೃದಯ ವೈದ್ಯರ ಮುಂದಿಟ್ಟು, ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯವನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ. ಮಲ ಕಪ್ಪಾಗುವುದು, ಒಸಡಿನಲ್ಲಿ ರಕ್ತ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಎಂದಿಲ್ಲದ ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ಕಾಯುತ್ತ ಕೂರಬೇಡಿ.

ಇಷ್ಟು ಗಟ್ಟಿಯಾಗಿ ಹೇಳುವುದಕ್ಕೆ ಕಾರಣವಿದೆ. ಚೀನೀ ವೈದ್ಯದಲ್ಲಿ ಬಹಳ ಬಳಕೆಯಲ್ಲಿರುವ ದಾನ್ ಷೆನ್, ದಾಂಗ್ ಗ್ವೇ ಎಂಬ ಬೇರುಗಳು ವಾರ್ಫರಿನ್‌ನ ಬಲವನ್ನು ಹೆಚ್ಚಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಲ್ಲವು. ಜಿನ್‌ಸೆಂಗ್ ಇದಕ್ಕೆ ತದ್ವಿರುದ್ಧ, ಅದು ವಾರ್ಫರಿನ್‌ನ ಬಲವನ್ನು ತಗ್ಗಿಸಿದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಹುದು. ಕೀಲುನೋವಿನ ಔಷಧ ಮಿಶ್ರಣಗಳಲ್ಲಿ ವತ್ಸನಾಭಿ ಎಂಬ ವಿಷಗಿಡದ ಜಾತಿಯ ಬೇರುಗಳನ್ನು ಸೇರಿಸುವ ರೂಢಿಯಿದೆ. ಇವನ್ನು ಸಂಸ್ಕರಿಸಿ, ಬಹಳ ಹೊತ್ತು ಕುದಿಸಿದಾಗ ವಿಷ ಕಡಿಮೆಯಾಗುತ್ತದೆ. ಅವಸರದಲ್ಲಿ ಒಂದು ಕುದಿ ಬರಿಸಿ ಇಳಿಸಿದರೆ ಮೊದಲು ತುಟಿ, ನಾಲಗೆ ಜುಮುಗುಟ್ಟಿ, ವಾಂತಿಯಾಗಿ, ಕೊನೆಗೆ ಹೃದಯದ ಬಡಿತವೇ ತಾಳ ತಪ್ಪಿ ಪ್ರಾಣಕ್ಕೆ ಕುತ್ತು ಬರಬಹುದು. ಹಲವಾರು ಮಿಶ್ರಣಗಳಲ್ಲಿ ಬೆರೆಯುವ ಜ್ಯೇಷ್ಠಮಧುವಿನಂಥ ಸಾಧು ಬೇರು ಕೂಡ ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ರಕ್ತದೊತ್ತಡ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಗುಳಿಗೆಗಳ ವಿಷಯದಲ್ಲಿ ನನ್ನ ಅನುಮಾನ ಇನ್ನೂ ಹೆಚ್ಚು. ಮೂಲಿಕೆಯದೆಂದು ಮಾರುವ ನೋವಿನ ಗುಳಿಗೆಗಳಲ್ಲಿ ಸ್ಟೀರಾಯ್ಡ್, ನೋವುನಿವಾರಕಗಳನ್ನು ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳಲ್ಲಿ ಪತ್ತೆಯಾಗಿದೆ. ವರ್ಷಗಳ ನೋವು ಎರಡೇ ದಿನದಲ್ಲಿ ಮಾಯವಾದರೆ ಸಂತೋಷಪಡುವ ಮೊದಲು ಸಂಶಯಪಡಬೇಕು.

ಹೆಸರಿನ ಗೊಂದಲವೊಂದು ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಬೆಲ್ಜಿಯಂನ ಘಟನೆ ಸಾಕು. 1990ರ ದಶಕದ ಆರಂಭದಲ್ಲಿ ತೂಕ ಇಳಿಸಲು ಚೀನೀ ಮೂಲಿಕೆ ಬೆರೆತ ಕ್ಯಾಪ್ಸೂಲ್ ನುಂಗಿದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡಗಳು ಕೆಟ್ಟವು, ಅನೇಕರಿಗೆ ಡಯಾಲಿಸಿಸ್ ಅಥವಾ ಬದಲಿ ಮೂತ್ರಪಿಂಡವೇ ಗತಿಯಾಯಿತು. ಹಾನ್ ಫಾಂಗ್ ಜಿ ಎಂಬ ಬೇರು ಇರಬೇಕಾದ ಜಾಗದಲ್ಲಿ ಗ್ವಾಂಗ್ ಫಾಂಗ್ ಜಿ ಎಂಬ ಬೇರು ಸೇರಿತ್ತು. ಎರಡನೆಯದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಮೂತ್ರಪಿಂಡವನ್ನು ಕೆಡಿಸುವುದಲ್ಲದೆ ಮೂತ್ರನಾಳದ ಕ್ಯಾನ್ಸರಿಗೂ ಕಾರಣವಾಗುತ್ತದೆಂದು ಮುಂದೆ ಖಚಿತವಾಯಿತು. ನುಂಗಿದವರು ಯಾರೂ ತಪ್ಪು ಮಾಡಿರಲಿಲ್ಲ. ಕೊಟ್ಟಿದ್ದನ್ನು ನಂಬಿದ್ದರು, ಅಷ್ಟೆ.

ನಿಮ್ಮ ತಾಯಿಯನ್ನು ಗದರಬೇಡಿ. ರೋಗಿಗಳು ಮುಚ್ಚಿಡುವುದಕ್ಕೆ ವೈದ್ಯರಾದ ನಮ್ಮ ಸಿಡುಕೂ ಒಂದು ಕಾರಣ. ಜೊತೆಯಲ್ಲಿ ನೀವೇ ಹೋಗಿ, ಮಂಡಿನೋವಿಗೆ ಬೇರೆ ಉಪಾಯ ಕೇಳಿ.

ಪ್ರಶ್ನೆ: ಮುಂದಿನ ತಿಂಗಳು ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆ. ಅಲ್ಲಿಯವರೆಗೆ ಚೀನೀ ಮೂಲಿಕೆ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಕನಿಷ್ಠ ಎರಡು ವಾರ ಮೊದಲೇ ನಿಲ್ಲಿಸಿ, ಏನೇನು ತೆಗೆದುಕೊಳ್ಳುತ್ತಿದ್ದಿರೆಂದು ಅರಿವಳಿಕೆ ವೈದ್ಯರಿಗೆ ಬರೆದುಕೊಡಿ.

ಪ್ರಶ್ನೆ: ಚೀನೀ ಮೂಲಿಕೆಯಿಂದ ಬಂದ ಮಲೇರಿಯಾ ಔಷಧಕ್ಕೆ ನೊಬೆಲ್ ಬಂದಿದೆ. ಆದರೂ ನೀವು ಸಂಶಯಪಡುವುದೇಕೆ?

ಉತ್ತರ: ಆ ಕಥೆಯನ್ನೇ ಪೂರ್ತಿ ನೋಡೋಣ. ಚೀನಾದ ವಿಜ್ಞಾನಿ ತು ಯೂಯೂ ಅವರು ನಾಲ್ಕನೆಯ ಶತಮಾನದ ವೈದ್ಯ ಗ್ರಂಥವೊಂದರಲ್ಲಿ ಚಿಂಗ್ ಹಾವ್ ಗಿಡವನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕೆಂಬ ಸಾಲನ್ನು ಓದಿದರು. ಕುದಿಸುವ ಮಾತು ಅಲ್ಲಿರಲಿಲ್ಲ. ಬಿಸಿಗೆ ಸತ್ವ ಕೆಡುತ್ತಿರಬಹುದೆಂದು ಊಹಿಸಿ, ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸತ್ವ ತೆಗೆದಾಗ, 1971ರಲ್ಲಿ 191ನೆಯ ಮಾದರಿ ಪ್ರಾಣಿಗಳ ಮಲೇರಿಯಾವನ್ನು ಅಳಿಸಿಹಾಕಿತು. ಮೊದಲು ತಾವೂ ಸಹೋದ್ಯೋಗಿಗಳೂ ಸೇವಿಸಿ ನೋಡಿ, ಆಮೇಲೆ ರೋಗಿಗಳಿಗೆ ಕೊಟ್ಟರು. ಅದರಿಂದ ಆರ್ಟಿಮಿಸಿನಿನ್ ಎಂಬ ಒಂದೇ ವಸ್ತುವನ್ನು ಬೇರ್ಪಡಿಸಿ, ಅಳತೆ ನಿಗದಿಪಡಿಸಿದ್ದಕ್ಕೆ 2015ರ ನೊಬೆಲ್ ಬಂತು. ಹಳೆಯ ಗ್ರಂಥ ದಾರಿ ತೋರಿಸಿದ್ದು ನಿಜ, ಅದಕ್ಕೆ ನನ್ನ ಗೌರವವಿದೆ. ಆದರೆ ಅದೇ ಗಿಡದ ಎಲೆಯನ್ನು ಚಹಾದಂತೆ ಕುಡಿದು ಮಲೇರಿಯಾ ವಾಸಿಮಾಡಿಕೊಳ್ಳುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಬೆಂಬಲಿಸುವುದಿಲ್ಲ. ಎಲೆಯಲ್ಲಿ ಸತ್ವ ಎಷ್ಟಿದೆಯೆಂದು ಕುಡಿಯುವವರಿಗೂ ಕೊಡುವವರಿಗೂ ತಿಳಿಯುವುದಿಲ್ಲ, ಅರೆಬರೆ ಪ್ರಮಾಣಕ್ಕೆ ರೋಗಾಣು ಸಾಯುವ ಬದಲು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ.