ಓದುಗರ ಪ್ರಶ್ನೆ, ನಮ್ಮ ಉತ್ತರ: ಯಾರಿಗೂ ಹೇಳದೆ ನೋಡುವ ಧಾರಾವಾಹಿಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು: ಪಟ್ಟಾಗಿ ಕುಳಿತು ಒಂದರ ಮೇಲೊಂದು ಕಂತು ನೋಡುವ ಸುಖ, ಅದರ ಬೆನ್ನಿಗೇ ಬರುವ ಸಂಕೋಚ. ಹೆಸರು ಪ್ರಕಟಿಸಬೇಡಿ ಎಂದು ಬಹುತೇಕ ಎಲ್ಲರೂ ಕೋರಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಇಲ್ಲಿ ಹಾಕಿಲ್ಲ.

ಪ್ರಶ್ನೆ: ನಾನು ಸಾಹಿತ್ಯದ ಅಧ್ಯಾಪಕಿ. ಗಂಭೀರವಾಗಿ ಓದುವವಳೆಂದು ಎಲ್ಲರೂ ತಿಳಿದಿದ್ದಾರೆ. ಆದರೆ ರಾತ್ರಿ ಬಾಗಿಲು ಹಾಕಿಕೊಂಡು ನಾನು ನೋಡುವುದು ಹಳೆಯ ಪತ್ತೇದಾರಿ ಧಾರಾವಾಹಿಗಳನ್ನು, ಅಪರಿಚಿತರನ್ನು ಒಂದೇ ಮನೆಯಲ್ಲಿ ಕೂಡಿಹಾಕುವ ರಿಯಾಲಿಟಿ ಶೋಗಳನ್ನು. ನೋಡಿ ಮುಗಿಸಿದ ಮೇಲೆ ಹೊತ್ತು ಹಾಳುಮಾಡಿಕೊಂಡೆನೆಂಬ ಕೊರಗು. ನನ್ನ ಅಭಿರುಚಿ ಕೆಟ್ಟಿದೆಯೇ?

ಉತ್ತರ: ಖಂಡಿತ ಕೆಟ್ಟಿಲ್ಲ. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಕೊರಗುಗಳು ಕಲೆತುಹೋಗಿವೆ. ಇಂಥದನ್ನು ನೋಡುತ್ತೇನಲ್ಲಾ ಎಂಬ ನಾಚಿಕೆ ಒಂದು, ಇಷ್ಟು ಹೊತ್ತು ನೋಡಿದೆನಲ್ಲಾ ಎಂಬ ಪಶ್ಚಾತ್ತಾಪ ಇನ್ನೊಂದು. ಎರಡನೆಯದಕ್ಕೆ ಕೆಲವೊಮ್ಮೆ ಕಾರಣವಿರುತ್ತದೆ. ಅದನ್ನು ಮುಂದಿನ ಓದುಗರಿಗೆ ಕೊಡುವ ಉತ್ತರದಲ್ಲಿ ನೋಡೋಣ. ಮೊದಲನೆಯದನ್ನು ಮಾತ್ರ ಇಂದೇ ಬಿಟ್ಟುಬಿಡಿ.

ನೀವು ಯಾವ ಪತ್ತೇದಾರಿ ಧಾರಾವಾಹಿಯನ್ನು ನೋಡುತ್ತೀರೆಂದು ಬರೆದಿಲ್ಲ, ಆದ್ದರಿಂದ ನನಗೆ ಪ್ರಿಯವಾದ ಅಮೆರಿಕದ ‘ಕೊಲಂಬೊ’ವನ್ನೇ ತೆಗೆದುಕೊಳ್ಳುತ್ತೇನೆ. ನಟ ಪೀಟರ್ ಫಾಕ್ ಪತ್ತೇದಾರ ಕೊಲಂಬೊನ ಪಾತ್ರದಲ್ಲಿ ಮೊದಲು ಕಾಣಿಸಿಕೊಂಡದ್ದು 1968ರಲ್ಲಿ. ಕೊಲೆ ಮಾಡಿದವರು ಯಾರು, ಹೇಗೆ ಮಾಡಿದರು ಎಂಬುದೆಲ್ಲ ಬಹುತೇಕ ಪ್ರತಿ ಕಂತಿನ ಆರಂಭದಲ್ಲಿಯೇ ನಮ್ಮ ಕಣ್ಣೆದುರಿಗೆ ನಡೆದುಹೋಗುತ್ತದೆ. ಉಳಿದ ಹೊತ್ತೆಲ್ಲ ನಾವು ಕಾಣುವುದು ಹಣ, ಪದವಿ, ಪಾಂಡಿತ್ಯಗಳಿಂದ ಬೀಗುವ ಒಬ್ಬ ಅಪರಾಧಿ, ಸುಕ್ಕುಗಟ್ಟಿದ ಕೋಟು ತೊಟ್ಟು ಏನೂ ತಿಳಿಯದವನಂತೆ ಪ್ರಶ್ನೆ ಕೇಳುವ ಒಬ್ಬ ಪೊಲೀಸ್ ಅಧಿಕಾರಿಯನ್ನು ಹಗುರವಾಗಿ ಕಂಡು ತಾನೇ ತೋಡಿದ ಗುಂಡಿಗೆ ಬೀಳುವುದನ್ನು. ನಮಗೆ ತಿಳಿದಿರುವ ಸತ್ಯ ಪಾತ್ರಕ್ಕೆ ತಿಳಿದಿಲ್ಲವೆಂಬುದರಿಂದ ಹುಟ್ಟುವ ಈ ಬಿಗಿಯನ್ನು ನೀವು ತರಗತಿಯಲ್ಲಿ ನಾಟಕಗಳ ಮೂಲಕ ಕಲಿಸುತ್ತಲೇ ಇರುತ್ತೀರಿ. ಹಗಲು ಮೆಚ್ಚಿ ವಿವರಿಸಿದ ಗುಣವನ್ನು ರಾತ್ರಿ ತೆರೆಯ ಮೇಲೆ ಕಂಡು ನಾಚಬೇಕಾದ ಕಾರಣವಿಲ್ಲ.

ರಿಯಾಲಿಟಿ ಶೋಗಳ ವಿಷಯದಲ್ಲಿ ನನ್ನ ಉತ್ತರ ಇಷ್ಟು ಸರಳವಲ್ಲ. 1999ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ‘ಬಿಗ್ ಬ್ರದರ್’ ಆರಂಭವಾದಂದಿನಿಂದ ಈ ಮಾದರಿ ಹಲವು ದೇಶಗಳಿಗೆ ಹಬ್ಬಿದೆ. ಹಗಲುರಾತ್ರಿ ಚಿತ್ರೀಕರಿಸಿದ್ದರಲ್ಲಿ ಅಷ್ಟಿಷ್ಟನ್ನು ಆಯ್ದು, ಜೋಡಿಸಿ, ಒಬ್ಬರನ್ನು ಕೆಟ್ಟವರನ್ನಾಗಿಯೂ ಇನ್ನೊಬ್ಬರನ್ನು ನೊಂದವರನ್ನಾಗಿಯೂ ಕಾಣಿಸುವ ಸಂಕಲನಕಾರರೇ ಅಲ್ಲಿ ನಿಜವಾದ ಕಥೆಗಾರರು. ಯಾರು ಯಾರ ಪಕ್ಷ, ಎದುರಿಗೆ ಹೇಳಿದ್ದೇನು, ಬೆನ್ನ ಹಿಂದೆ ಆಡಿದ್ದೇನು ಎಂದು ಲೆಕ್ಕ ಹಾಕುವ ಕುತೂಹಲ ಮನುಷ್ಯನ ಸಹಜ ಗುಣ. ಕಾದಂಬರಿಯನ್ನು ಓದಿಸುವುದೂ ಅದೇ. ಆದರೆ ಸ್ಪರ್ಧಿಯೊಬ್ಬರ ಅವಮಾನವನ್ನೇ ರಂಜನೆಯಾಗಿ ಬಡಿಸುವ ಕಾರ್ಯಕ್ರಮ ನನಗೆ ಸಹ್ಯವಲ್ಲ. ಅಂಥದನ್ನು ನೋಡುವಾಗ ಮನಸ್ಸು ಹಿಂಜರಿದರೆ ಆ ಹಿಂಜರಿಕೆಯ ಮಾತನ್ನು ಕೇಳಿ, ಚಾನೆಲ್ ಬದಲಿಸಿ.

ಇನ್ನೊಂದು ಮಾತನ್ನೂ ಹೇಳಲೇಬೇಕು. ಲಿಯೊನಾರ್ಡ್ ರೈನೆಕೆ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಕೆಲಸದಿಂದ ಬಹಳ ದಣಿದು ಬಂದವರು ಟಿ.ವಿ. ನೋಡುವುದನ್ನೋ ವಿಡಿಯೊ ಗೇಮ್ ಆಡುವುದನ್ನೋ ಮಾಡಬೇಕಾದ ಕೆಲಸವನ್ನು ಮುಂದೂಡುವ ಸೋಮಾರಿತನವೆಂದು ಭಾವಿಸುವ ಸಂಭವ ಹೆಚ್ಚು. ಆ ಅಪರಾಧಿ ಭಾವವಿದ್ದಾಗ ಅವರಿಗೆ ದೊರೆಯುವ ವಿಶ್ರಾಂತಿಯೂ ಕಡಿಮೆ. ಎಂದರೆ ಯಾರಿಗೆ ಬಿಡುವು ಹೆಚ್ಚು ಬೇಕೋ ಅವರೇ ಅದನ್ನು ಕೊರಗಿನಿಂದ ಕೆಡಿಸಿಕೊಳ್ಳುತ್ತಿದ್ದಾರೆ. ನೋಡಬೇಕೆಂದು ಕುಳಿತ ಮೇಲೆ ಪೂರ್ಣ ಮನಸ್ಸಿನಿಂದ ನೋಡಿ.

ಪ್ರಶ್ನೆ: ಒಂದೇ ಕಂತು ಎಂದುಕೊಂಡು ರಾತ್ರಿ ಹತ್ತಕ್ಕೆ ಕೂರುತ್ತೇನೆ, ನೋಡನೋಡುತ್ತಿದ್ದಂತೆ ಎರಡು ಗಂಟೆಯಾಗಿರುತ್ತದೆ. ಮರುದಿನ ಕೆಲಸದಲ್ಲಿ ತೂಕಡಿಕೆ. ಎಷ್ಟು ಮನಸ್ಸು ಗಟ್ಟಿ ಮಾಡಿಕೊಂಡರೂ ನಿಲ್ಲಿಸಲಾಗುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮನಸ್ಸು ದುರ್ಬಲವೆಂದು ಮೊದಲೇ ತೀರ್ಮಾನಿಸಬೇಡಿ. ಕಂತಿನ ಕೊನೆಯನ್ನು ನೀವು ಏಳದಂತೆ ನೋಡಿಕೊಳ್ಳಲೆಂದೇ ಬರೆಯಲಾಗಿರುತ್ತದೆ. ಈ ತಂತ್ರ ಹಳೆಯದು, ಆದರೆ ಹಿಂದೆ ಅದಕ್ಕೆ ಕಾಲವೇ ಒಂದು ತಡೆಯಾಗಿತ್ತು. ಅಮೆರಿಕದ ‘ಡಲ್ಲಾಸ್’ ಧಾರಾವಾಹಿಯಲ್ಲಿ ಜೆ.ಆರ್. ಎಂಬ ಪಾತ್ರಕ್ಕೆ ಗುಂಡು ಬಿದ್ದ ಕಂತು 1980ರ ಮಾರ್ಚ್‌ನಲ್ಲಿ ಪ್ರಸಾರವಾಯಿತು. ಹಾರಿಸಿದವರು ಯಾರೆಂದು ತಿಳಿಯಲು ವೀಕ್ಷಕರು ನವೆಂಬರ್‌ವರೆಗೆ ಕಾದರು. ಆ ಎಂಟು ತಿಂಗಳು ಜನ ಊಹೆ ಮಾಡಿದರು, ವಾದಿಸಿದರು, ತಮ್ಮ ಪಾಡಿಗೆ ತಾವು ನಿದ್ರೆಯನ್ನೂ ಮಾಡಿದರು. 2013ರ ಫೆಬ್ರುವರಿ 1ರಂದು ನೆಟ್‌ಫ್ಲಿಕ್ಸ್ ‘ಹೌಸ್ ಆಫ್ ಕಾರ್ಡ್ಸ್’ನ ಮೊದಲ ಸೀಸನ್ನಿನ 13 ಕಂತುಗಳನ್ನೂ ಒಂದೇ ದಿನ ಬಿಡುಗಡೆ ಮಾಡಿತು. ಒಂದು ಕಂತು ಮುಗಿದ ಕೆಲವೇ ಸೆಕೆಂಡುಗಳಲ್ಲಿ ಮುಂದಿನದು ತಾನಾಗಿ ಶುರುವಾಗುವ ಏರ್ಪಾಟು ಈಗ ಎಲ್ಲೆಡೆ ಸಾಮಾನ್ಯ. ಮುಂದೆ ನೋಡಬೇಕೆಂದು ಹಿಂದೆ ನೀವು ನಿರ್ಧರಿಸಬೇಕಾಗಿತ್ತು, ಈಗ ನಿಲ್ಲಿಸಬೇಕೆಂದು ನಿರ್ಧರಿಸಬೇಕಾಗಿದೆ. ಅದೂ ಕುತೂಹಲ ಉತ್ತುಂಗದಲ್ಲಿರುವ, ಕಣ್ಣು ದಣಿದಿರುವ ಆ ಕೆಲವು ಸೆಕೆಂಡುಗಳ ಒಳಗೆ.

ಆದ್ದರಿಂದ ಮೊದಲ ಕೆಲಸವಾಗಿ, ಆ್ಯಪ್‌ನ ಅಥವಾ ನಿಮ್ಮ ಖಾತೆಯ ಸೆಟ್ಟಿಂಗ್ಸ್‌ಗೆ ಹೋಗಿ, ಮುಂದಿನ ಕಂತು ತಾನಾಗಿ ಆರಂಭವಾಗುವ ಆಟೋಪ್ಲೇ ಸೌಲಭ್ಯವನ್ನು ಆಫ್ ಮಾಡಿ. ಎರಡನೆಯದು ನಾನು ಬಹಳ ನಂಬುವ ಉಪಾಯ: ಕಂತಿನ ಕೊನೆಯಲ್ಲಿ ನಿಲ್ಲಿಸಲು ಯತ್ನಿಸಲೇಬೇಡಿ, ನಡುವೆ ನಿಲ್ಲಿಸಿ. ಹಿಂದಿನ ಕಂತು ಎತ್ತಿದ ಪ್ರಶ್ನೆಗೆ ಸಾಮಾನ್ಯವಾಗಿ ಮುಂದಿನ ಕಂತಿನ ಮೊದಲ ಹತ್ತು ನಿಮಿಷಗಳಲ್ಲಿ ಉತ್ತರ ಸಿಗುತ್ತದೆ, ಹೊಸ ಗಂಟು ಬೀಳಲು ಇನ್ನೂ ಹೊತ್ತಿರುತ್ತದೆ. ಕಥೆ ಉಸಿರು ಬಿಡುವ ಆ ಜಾಗದಲ್ಲಿ ಏಳುವುದು ನಿಜಕ್ಕೂ ಸುಲಭ. ಮರುದಿನ ಅಲ್ಲಿಂದಲೇ ಮುಂದುವರಿಸಬಹುದು.

ನಿದ್ರೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 18ರಿಂದ 25 ವರ್ಷದ 423 ಮಂದಿಯನ್ನು ಪ್ರಶ್ನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಚ್ಚು ಸಲ ಪಟ್ಟಾಗಿ ಕುಳಿತು ನೋಡುವವರಲ್ಲಿ ನಿದ್ರೆಯ ಗುಣಮಟ್ಟ ಕಡಿಮೆ, ಹಗಲಿನ ಆಯಾಸ ಹೆಚ್ಚು ಎಂದು ಕಂಡುಬಂತು. ಮಲಗಿದ ಮೇಲೂ ಕಥೆ ತಲೆಯಲ್ಲಿ ಓಡುತ್ತಲೇ ಇರುವುದು ಇದಕ್ಕೆ ಮುಖ್ಯ ಕಾರಣವೆಂದು ಸಂಶೋಧಕರು ಗುರುತಿಸಿದ್ದಾರೆ. ಟಿ.ವಿ. ಆರಿಸಿದ ಒಡನೆ ಹಾಸಿಗೆಗೆ ಹೋಗದೆ, ನಡುವೆ ಬೇರೇನಾದರೂ ಸಣ್ಣ ಕೆಲಸವಿಟ್ಟುಕೊಳ್ಳಿ.

ಪ್ರಶ್ನೆ: ‘ಫ್ರೆಂಡ್ಸ್’ ಧಾರಾವಾಹಿಯನ್ನು ಹಲವು ಸಲ ನೋಡಿದ್ದೇನೆ, ಈಗ ಮತ್ತೆ ಆರಂಭಿಸಿದ್ದೇನೆ. ನೋಡಿದ್ದನ್ನೇ ನೋಡುವುದು ಹುಚ್ಚೆಂದು ನನ್ನ ಅಣ್ಣ ಹಂಗಿಸುತ್ತಾನೆ.

ಉತ್ತರ: 1994ರಿಂದ 2004ರವರೆಗೆ ಹತ್ತು ಸೀಸನ್‌ಗಳಲ್ಲಿ 236 ಕಂತುಗಳಾಗಿ ಪ್ರಸಾರವಾದ ಕಥೆಯೊಂದನ್ನು ಮತ್ತೆ ಮೊದಲಿನಿಂದ ಹಿಡಿಯಲು ಪ್ರೀತಿಯೇ ಬೇಕು. ಕೊನೆ ತಿಳಿದಿದ್ದರೆ ಕಥೆಯ ಸ್ವಾರಸ್ಯ ಹೋಗುತ್ತದೆಂಬುದು ನಿಮ್ಮ ಅಣ್ಣನವರ ನಂಬಿಕೆ ಇರಬೇಕು. ಜೊನಾಥನ್ ಲೆವಿಟ್ ಮತ್ತು ನಿಕೊಲಸ್ ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಹನ್ನೆರಡು ಸಣ್ಣಕಥೆಗಳನ್ನು ಓದಿಸಿ ಇದನ್ನು ಪರೀಕ್ಷಿಸಿದಾಗ, ಅಂತ್ಯವನ್ನು ಮೊದಲೇ ತಿಳಿದುಕೊಂಡವರು ಒಟ್ಟಿನಲ್ಲಿ ಕಥೆಗಳನ್ನು ತುಸು ಹೆಚ್ಚೇ ಮೆಚ್ಚಿದ್ದರು. ಮುಂದೇನಾಗುವುದೋ ಎಂಬ ಆತಂಕ ಇಲ್ಲವಾದಾಗ ನಟರ ಮುಖಭಾವ, ಮಾತಿನ ಸಮಯಸ್ಫೂರ್ತಿ, ಹಿಂದೆ ಗಮನಿಸದ ಸಣ್ಣ ಸೂಚನೆಗಳು ಕಣ್ಣಿಗೆ ಬೀಳುತ್ತವೆ. ಜೊತೆಗೆ, ಪಾತ್ರಗಳು ನಮಗೆ ಪರಿಚಿತರಂತೆಯೇ ಆಗಿಬಿಡುತ್ತವೆ. ತೆರೆಯ ಮೇಲಿನವರೊಂದಿಗೆ ಬೆಳೆಯುವ ಇಂಥ ಏಕಮುಖ ಸ್ನೇಹವನ್ನು ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಷ್ಟು ಹಿಂದೆಯೇ ವಿವರಿಸಿದ್ದರು. ಬೇಸರದ ದಿನ ಹಳೆಯ ಗೆಳೆಯರ ಮನೆಗೆ ಹೋದಂತೆ ನೀವು ಆ ಧಾರಾವಾಹಿಗೆ ಮರಳುತ್ತಿದ್ದೀರಿ. ನಿಶ್ಚಿಂತೆಯಿಂದ ನೋಡಿ.

ಪ್ರಶ್ನೆ: ಒಟ್ಟಿಗೆ ನೋಡೋಣವೆಂದು ಒಪ್ಪಿಕೊಂಡ ಧಾರಾವಾಹಿಯನ್ನು ನನ್ನ ಪತಿ ನಾನು ಮಲಗಿದ ಮೇಲೆ ಒಬ್ಬರೇ ಮುಗಿಸಿಬಿಡುತ್ತಾರೆ. ಇದಕ್ಕೆ ಮುನಿಸಿಕೊಳ್ಳುವುದು ಅತಿಯೇ?

ಉತ್ತರ: ಅತಿಯಲ್ಲ. ಜೊತೆಗೆ ಊಹಿಸುತ್ತ, ಜೊತೆಗೆ ಬೆಚ್ಚುತ್ತ ನೋಡುವುದಕ್ಕಾಗಿ ನೀವು ಆ ಹೊತ್ತನ್ನು ಎತ್ತಿಟ್ಟಿದ್ದಿರಿ. ಇಬ್ಬರಿಗೂ ಸೇರಿದ್ದೊಂದು, ಅವರಿಗೆ ತಡರಾತ್ರಿ ಬೇಕಾದಷ್ಟು ನೋಡಿಕೊಳ್ಳಲು ಇನ್ನೊಂದು ಎಂದು ಎರಡು ಧಾರಾವಾಹಿಗಳನ್ನು ಬೇರೆಯಾಗಿಡಿ.

ಪ್ರಶ್ನೆ: ವಾರಕ್ಕೊಂದು ಕಂತು ನೋಡುವುದು ಒಳ್ಳೆಯದೋ, ಒಟ್ಟಿಗೆ ನೋಡುವುದೋ? ಒಟ್ಟಿಗೆ ನೋಡಬಹುದಾದರೆ ಯಾವುದನ್ನು ಸೂಚಿಸುತ್ತೀರಿ?

ಉತ್ತರ: ಮೆಲ್ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 51 ವಿದ್ಯಾರ್ಥಿಗಳಿಗೆ ಒಂದೇ ಧಾರಾವಾಹಿಯನ್ನು ಮೂರು ಬಗೆಯಲ್ಲಿ ತೋರಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಸಲಕ್ಕೆ ನೋಡಿದವರು ಮರುದಿನ ಕಥೆಯನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದರೂ ಬೇಗ ಮರೆತರು. ದಿನಕ್ಕೊಂದು ಅಥವಾ ವಾರಕ್ಕೊಂದು ಕಂತು ನೋಡಿದವರಿಗಿಂತ ಕಡಿಮೆ ಆನಂದಿಸಿದೆವೆಂದೂ ಹೇಳಿದರು. ಸಣ್ಣ ಪ್ರಯೋಗವಾದರೂ ನನಗೆ ಅದರ ಮಾತು ಒಪ್ಪಿಗೆ. ವಿವರ ದಟ್ಟವಾಗಿರುವ ಗಂಭೀರ ಕಥೆಗೆ ದಿನಕ್ಕೊಂದು ಕಂತು ಸಾಕು.

ಒಂದೇ ಪಟ್ಟಿಗೆ ನೋಡಲೇಬೇಕೆನಿಸಿದರೆ ಮುಗಿಯುವಂಥದನ್ನು ಆರಿಸಿಕೊಳ್ಳಿ. 1960ರಲ್ಲಿ ಆರಂಭವಾಗಿ ಇನ್ನೂ ನಡೆಯುತ್ತಿರುವ ಬ್ರಿಟನ್ನಿನ ‘ಕೊರೊನೇಷನ್ ಸ್ಟ್ರೀಟ್’ನಂಥ ಧಾರಾವಾಹಿ ಇದಕ್ಕೆ ಹೊಂದದು. ನಗಬೇಕೆಂದಿದ್ದರೆ ಬ್ರಿಟನ್ನಿನ ‘ಫಾಲ್ಟಿ ಟವರ್ಸ್’ ಇದೆ. ಅದರಲ್ಲಿರುವುದೇ 12 ಕಂತು, ಪ್ರತಿಯೊಂದೂ ಅರ್ಧ ಗಂಟೆಯ ಆಸುಪಾಸು. ಪ್ರೇಮಕಥೆ ಬೇಕೆಂದರೆ ಕೊರಿಯದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ 16 ಕಂತುಗಳಲ್ಲಿ ಮುಗಿಯುತ್ತದೆ. ಕಂತುಗಳು ಉದ್ದವಾಗಿರುವುದರಿಂದ ಅದಕ್ಕೆ ಒಂದು ವಾರಾಂತ್ಯ ಸಾಲದು, ಎರಡನ್ನು ಬಿಡುವು ಮಾಡಿಕೊಳ್ಳಿ. ಮನಸ್ಸಿಗೆ ಯಾವ ಆತಂಕವೂ ಬೇಡವೆನಿಸಿದ ದಿನ ‘ದಿ ಗ್ರೇಟ್ ಬ್ರಿಟಿಷ್ ಬೇಕ್ ಆಫ್’ ನೋಡಿ. ಸ್ಪರ್ಧೆಯಾದರೂ ಅಲ್ಲಿ ಒಬ್ಬರ ಕೇಕು ಕುಸಿದರೆ ಪಕ್ಕದವರು ಓಡಿ ಬಂದು ಕೈಜೋಡಿಸುವುದನ್ನು ಕಾಣಬಹುದು. ಒಂದು ಕಂತಿಗೆ ಎದ್ದರೂ ಮುಂದಿನದು ಎಳೆಯುವುದಿಲ್ಲ.