ಒಂದು ವಾಟಿ ಅಂದ್ರೆ ಎಷ್ಟು ಗ್ರಾಂ?

ಪ್ರಶ್ನೆ: ಮೊಬೈಲ್‌ನಲ್ಲಿ ನೋಡಿ ಬೇಸನ್ ಉಂಡಿ ಮಾಡಿದೆ. ಅರ್ಧ ಕಿಲೋ ಕಡಲೆ ಹಿಟ್ಟು, ಪಾವ್ ಕಿಲೋ ತುಪ್ಪ ಅಂತ ಇತ್ತು. ಮನೆಯಲ್ಲಿ ತಕ್ಕಡಿ ಇಲ್ಲ, 250 ಎಂಎಲ್‌ನ ಒಂದು ವಾಟಿ ಇದೆ. ಅದರಲ್ಲೇ ಎರಡು ವಾಟಿ ಹಿಟ್ಟು, ಒಂದು ವಾಟಿ ತುಪ್ಪ ಹಾಕಿದೆ. ಉಂಡಿ ಕಟ್ಟಿ ಇಟ್ಟರೆ ತಾಟಿನ ತುಂಬ ಹರಡಿಕೊಂಡವು. ಹುರಿದದ್ದು ಕಡಿಮೆ ಆಯ್ತಾ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಹುರಿದದ್ದು ಸರಿಯೇ ಇರಬೇಕು ಅಕ್ಕಾರೇ, ಎಡವಟ್ಟಾಗಿದ್ದು ಅಳತೆಯಲ್ಲಿ. 250 ಎಂಎಲ್ ವಾಟಿಯಲ್ಲಿ ಸರಿಯಾಗಿ 250 ಗ್ರಾಂ ಹಿಡಿಯುವುದು ನೀರು. ಕಡಲೆ ಹಿಟ್ಟು ನೂರು, ಹೆಚ್ಚೆಂದರೆ ನೂರಿಪ್ಪತ್ತು ಗ್ರಾಂ ಕೂರುತ್ತದೆ. ಅರ್ಧ ಕಿಲೋ ಅಂದುಕೊಂಡು ನೀವು ಹಾಕಿದ್ದು ಪಾವ್ ಕಿಲೋ ಕೂಡ ಅಲ್ಲ, ಆದರೆ ತುಪ್ಪ ಮಾತ್ರ ಹತ್ತಿರ ಹತ್ತಿರ 225 ಗ್ರಾಂ ಬಿದ್ದಿದೆ. ಹಿಟ್ಟಿನಷ್ಟೇ ತುಪ್ಪ ಸುರಿದರೆ ಉಂಡಿ ಹರಡದೆ ಇನ್ನೇನು ಮಾಡೀತು! ಚೆಲ್ಲಬೇಡಿ. ಇನ್ನೂ ಎರಡು ವಾಟಿ ಹಿಟ್ಟನ್ನು ತುಪ್ಪ ಹಾಕದೆ ಘಮ್ ಅನ್ನುವವರೆಗೆ ಹುರಿದು ಕಲಸಿ, ಸಕ್ಕರೆ ರುಚಿ ನೋಡಿ ಹಾಕಿ.

ಅದೇ ವಾಟಿಯಲ್ಲಿ ಸಕ್ಕರೆಯಾದರೆ ಸುಮಾರು 200 ಗ್ರಾಂ, ಅಕ್ಕಿಯೂ ಅಷ್ಟೇ. ಜೇನುತುಪ್ಪ 350. ಮೈದಾದ್ದು ದೊಡ್ಡ ತಕರಾರು: ಜರಡಿ ಹಿಡಿದು ಚಮಚದಿಂದ ಹಗುರಾಗಿ ತುಂಬಿದರೆ 125, ಡಬ್ಬಿಯೊಳಗೆ ವಾಟಿ ಅದ್ದಿ ಒತ್ತಿ ತೆಗೆದರೆ 150 ಮುಟ್ಟುತ್ತದೆ. ನಂಬಿಕೆ ಬರದಿದ್ದರೆ ಎಣ್ಣೆ ಪಾಕೀಟು ತಿರುಗಿಸಿ ನೋಡಿ, 1 ಲೀಟರ್ ಅಂತ ಇರುವ ಕಡೆ 910 ಗ್ರಾಂ ಅಂತಲೂ ಬರೆದಿರುತ್ತಾರೆ.

ಇಷ್ಟೆಲ್ಲ ನೆನಪಿಡುವ ಬದಲು ನಿಮ್ಮ ವಾಟಿಯನ್ನೇ ಚೀಲದಲ್ಲಿ ಹಾಕಿಕೊಂಡು ಕಿರಾಣಿ ಅಂಗಡಿಗೆ ಹೋಗಿ, ಗಿರಾಕಿಗಳಿಲ್ಲದ ಮಧ್ಯಾಹ್ನ ಹೋದರೆ ಅಂಗಡಿಯವರು ಬೈಯುವುದಿಲ್ಲ. ಖಾಲಿ ವಾಟಿ ಕಾಟಾದ ಮೇಲಿಟ್ಟು ಸೊನ್ನೆ ಮಾಡಿಸಿ, ಹೇಗೂ ಕೊಳ್ಳುವ ರವಾ, ಸಕ್ಕರೆ, ಹಿಟ್ಟನ್ನು ಒಂದೊಂದು ವಾಟಿ ತೂಗಿಸಿ, ಬರೆದುಕೊಂಡು ಬಂದು ಕಪಾಟಿನ ಬಾಗಿಲಿಗೆ ಅಂಟಿಸಿ. ನಮ್ಮನೆ ಚೀಟಿಗೆ ಎಣ್ಣೆ ಕಲೆ ಬಿದ್ದು ರವಾದ ಅಂಕಿಯೇ ಕಾಣುತ್ತಿಲ್ಲ, ಅಷ್ಟರಲ್ಲಿ ಬಾಯಿಪಾಠ ಆಗಿತ್ತು ಬಿಡಿ.

ಬೆಲ್ಲಕ್ಕೆ ಮಾತ್ರ ವಾಟಿ ಲೆಕ್ಕ ಬೇಡ. ಹೆರೆದದ್ದು ಒಂದು ತೂಕ, ಜಜ್ಜಿದ್ದು ಇನ್ನೊಂದು ತೂಕ, ತುಂಡುಗಳ ನಡುವೆ ಗಾಳಿಯೇ ಜಾಸ್ತಿ. ಶೇಂಗಾ ಹೋಳಿಗೆಗೆ ಬೇಕಾದರೆ ಅಂಗಡಿಯಲ್ಲೇ ತೂಗಿಸಿಕೊಂಡು ಬನ್ನಿ.

ಪ್ರಶ್ನೆ: ಅಜ್ಜಿಯ ಹಳೇ ವಹಿಯಲ್ಲಿ ‘ಪಾವಸೇರು ರವಾ, ಎರಡು ಚಟಾಕು ತುಪ್ಪ’ ಅಂತಿದೆ. ಈಗಿನ ಲೆಕ್ಕದಲ್ಲಿ ಎಷ್ಟು?
– ಓದುಗರು, ಗದಗ

ಉತ್ತರ: ತೂಕದ ಸೇರು ಅಂದರೆ 80 ತೊಲೆ, ಈಗಿನ 933 ಗ್ರಾಂ. ಪಾವಸೇರು 233 ಗ್ರಾಂ, ಚಟಾಕು 58, ಹಾಗಾಗಿ ತುಪ್ಪ 116 ಗ್ರಾಂ. ಆದರೆ ಕಾಳುಕಡಿ ಅಳೆಯುವ ಪಾತ್ರೆಗೂ ಸೇರು, ಪಾವು ಅಂತಲೇ ಹೆಸರು, ಅದು ಊರಿಗೊಂದು ಥರ ಇತ್ತು. ಅಜ್ಜಿ ರವಾ ತೂಗುತ್ತಿದ್ದರೋ ಅಳೆಯುತ್ತಿದ್ದರೋ ಮನೆಯ ಹಿರಿಯರನ್ನು ಕೇಳಿ. ಅಳೆಯುತ್ತಿದ್ದರೆ ಆ ಪಾತ್ರೆ ಅಟ್ಟದ ಮೇಲೆ ಇದ್ದೇ ಇರುತ್ತದೆ, ಇಳಿಸಿ, ರವಾ ತುಂಬಿಸಿ ಅದೇ ಕಾಟಾದ ಮೇಲೆ ಇಡಿಸಿ. ಹಿತ್ತಾಳೆಯದಾದರೆ ಮೊದಲು ಹುಣಸೆಹಣ್ಣು ಹಚ್ಚಿ ತಿಕ್ಕಿಕೊಳ್ಳಿ.