‘ಆರ್ಗ್ಯೂ’ ಮಾಡೋರೆಲ್ಲ ಜಗಳ ಆಡ್ತಾರಾ?

ಪ್ರಶ್ನೆ: ನಾನು ಶಿಡ್ಲಘಟ್ಟದವಳು, ದ್ವಿತೀಯ ಪಿಯು ಓದುತ್ತಿದ್ದೇನೆ. ಇಂಗ್ಲಿಷ್ ಟೆಸ್ಟಿನಲ್ಲಿ ‘ದ ರೈಟರ್ ಆರ್ಗ್ಯೂಸ್ ದಟ್ ಟ್ಯಾಂಕ್ಸ್ ಶುಡ್ ಬಿ ಡಿಸಿಲ್ಟೆಡ್’ ಎಂಬ ಸಾಲಿತ್ತು. ‘ಕೆರೆ ಹೂಳಿನ ವಿಷಯಕ್ಕೆ ಲೇಖಕರು ಜಗಳವಾಡುತ್ತಾರೆ’ ಎಂದು ಅರ್ಥ ಬರೆದೆ. ಮಾರ್ಕ್ಸ್ ಹೋಯಿತು. ಮನೆಯಲ್ಲಿ ಅಣ್ಣ ‘ಡೋಂಟ್ ಆರ್ಗ್ಯೂ’ ಅಂತ ಬೈಯುವುದು ಜಗಳಕ್ಕೇ ಅಲ್ವಾ?

ಉತ್ತರ: ಅಣ್ಣ ಹೇಳುವುದೂ ಸರಿ, ಟೆಸ್ಟಿನ ಸಾಲೂ ಸರಿ. ‘ಡೋಂಟ್ ಆರ್ಗ್ಯೂ’ ಅಂದರೆ ನಮ್ಮ ಮನೆಗಳ ‘ಎದುರು ಮಾತಾಡಬೇಡ’. ಅಲ್ಲಿ ಸಿಟ್ಟಿದೆ. ಆ ಲೇಖಕರು ಮಾತ್ರ ಸಿಟ್ಟಾಗಿಲ್ಲ. ಹೂಳು ಯಾಕೆ ತೆಗೆಯಬೇಕು ಅಂತ ಕಾರಣ ಕೊಡುತ್ತಿದ್ದಾರೆ. ‘ಹೂಳು ತೆಗೆಯಬೇಕು ಎಂದು ಲೇಖಕರು ವಾದಿಸುತ್ತಾರೆ’ ಎಂದು ಬರೆದಿದ್ದರೆ ಸಾಕಿತ್ತು.

ಗುಟ್ಟಿರುವುದು ಆರ್ಗ್ಯೂ ಪಕ್ಕದಲ್ಲಿ ಕೂತ ಪುಟ್ಟ ಪದದಲ್ಲಿ. ‘ದಟ್’ ಬಂದರೆ ಅದು ನಮ್ಮ ‘ಎಂದು’. ಕಾರಣ ಕೊಟ್ಟು ಹೇಳುವ ಮಾತು. ‘ವಿತ್’ ಬಂದರೆ ‘ಜೊತೆ’. ಎದುರಿಗೊಬ್ಬರಿದ್ದಾರೆ, ಮಾತಿಗೆ ಮಾತು ಬೆಳೆಯುತ್ತಿದೆ. ನಿಮ್ಮೂರಿನ ರೇಷ್ಮೆ ಗೂಡು ಮಾರುಕಟ್ಟೆಯನ್ನೇ ನೋಡಿ. ತೂಕ ಕಡಿಮೆ ಬಂತು ಅಂತ ರೈತರೊಬ್ಬರು ದನಿ ಏರಿಸಿದರೆ ‘ಹಿ ಆರ್ಗ್ಯೂಡ್ ವಿತ್ ದ ಬಯರ್ ಓವರ್ ದ ವೇಟ್’. ಯಾರ ಜೊತೆ ಅನ್ನುವುದಕ್ಕೆ ವಿತ್. ಯಾವ ವಿಷಯಕ್ಕೆ ಅನ್ನುವುದಕ್ಕೆ ಓವರ್ ಅಥವಾ ಅಬೌಟ್. ಸಂತೆಯಲ್ಲಿ ‘ಸೊಪ್ಪಿಗೆ ಐದು ರೂಪಾಯಿ ಇಳಿಸಮ್ಮ’ ಅಂದರೆ ಅದು ಬರೀ ಚೌಕಾಶಿ. ಅದಕ್ಕೆ ಬಾರ್ಗೇನ್ ಎಂಬ ಪದವೇ ಬೇರೆ ಇದೆ.

‘ಫಾರ್’ ಅಂದರೆ ಪರವಾಗಿ, ‘ಅಗೇನ್ಸ್ಟ್’ ಅಂದರೆ ವಿರುದ್ಧವಾಗಿ. ಈ ಬಳಕೆ ನನಗೆ ಜಾಸ್ತಿ ಇಷ್ಟ. ನಿಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು ನೆನೆಸಿಕೊಳ್ಳಿ. ದೇಶಕ್ಕೆ ಕೈಗಾರಿಕೆ ಬೇಕು, ಆರ್ಥಿಕತೆಗೆ ಒಂದು ಯೋಜನೆ ಬೇಕು ಅಂತ ವರ್ಷಗಟ್ಟಲೆ ಹೇಳಿದರು. 1934ರಲ್ಲಿ ಅದಕ್ಕಾಗಿ ಒಂದು ಪುಸ್ತಕವನ್ನೇ ಬರೆದರು. ‘ಹಿ ಆರ್ಗ್ಯೂಡ್ ಫಾರ್ ಪ್ಲಾನಿಂಗ್’ ಅನ್ನುವುದು ಇಂಥ ಕೆಲಸಕ್ಕೆ. ಅದನ್ನು ಜಗಳ ಅಂತ ಯಾರಾದರೂ ಕರೀತಾರಾ?

ವಕೀಲರಿಗೆ ಪುಟ್ಟ ಪದವೂ ಬೇಕಿಲ್ಲ. ‘ಶಿ ಆರ್ಗ್ಯೂಡ್ ದ ಕೇಸ್’ ಅಂದರೆ ಕೋರ್ಟಿನಲ್ಲಿ ಆ ಕೇಸು ವಾದಿಸಿದರು, ಅಷ್ಟೇ.

ಒಂದೇ ಪದಕ್ಕೆ ಎರಡು ಮುಖ ಹೇಗೆ ಬಂತು ಅಂತ ಅನಿಸಬಹುದು. ಬೇರಿನಲ್ಲೇ ಅದಿದೆ. ಲ್ಯಾಟಿನ್‌ನ ‘ಅರ್ಗುಎರೆ’ಗೆ ಸ್ಪಷ್ಟವಾಗಿ ತೋರಿಸಿಕೊಡು ಎಂಬ ಅರ್ಥವೂ ಇತ್ತು, ತಪ್ಪು ಹೊರಿಸು ಎಂಬ ಅರ್ಥವೂ ಇತ್ತು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿತು.

ಪರೀಕ್ಷೆಗೆ ಇನ್ನೆರಡು ವಿಷಯ ಗಮನದಲ್ಲಿರಲಿ. ‘ಆರ್ಗ್ಯುಬ್ಲಿ ದ ಬೆಸ್ಟ್’ ಅಂದರೆ ‘ವಿವಾದದಲ್ಲಿರುವ’ ಅಂತಲ್ಲ. ‘ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಎನ್ನಬಹುದು’ ಅಂತ. ತುಂಬಾ ಜನ ಇಲ್ಲಿ ಎಡವುತ್ತಾರೆ. ಮತ್ತೆ, ಆರ್ಗ್ಯೂ ಕೊನೆಯಲ್ಲಿರುವ ‘ಇ’ ಅಕ್ಷರ ಆರ್ಗ್ಯುಮೆಂಟ್ ಬರೆಯುವಾಗ ಬಿದ್ದುಹೋಗುತ್ತದೆ. ಅದನ್ನು ಉಳಿಸಿಕೊಂಡು ಬರೆದರೆ ಸ್ಪೆಲ್ಲಿಂಗ್ ತಪ್ಪು.